ನಮ್ಮವ್ವನಿಗೆ ಆ ಹುಡುಗನ ಜೊತೆ ಒಂದ್ಸಲ ಮಾತಾಡ್ಬೇಕು: ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಹಾಸನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಹಾಸನದಲ್ಲಿ ಹೈಸ್ಕೂಲ್ ಟೀಚರ್. ಇದನ್ನ ಅರ್ಜಿ ಥರ ಬರೆದು ನಿಮ್ಮ ಆಫೀಸಿಗೇ ಕೊಡ್ಬೋದಿತ್ತು, ಆದ್ರೆ ನಾನು ಕೇಳ್ತಿರೋದು ನಮ್ಮವ್ವನ ಸರ ಎಳೆದ ಹುಡುಗನ ಜೊತೆ ಅವ್ವ ಒಂದ್ಸಲ ಕೂತು ಮಾತಾಡೋಕೆ ಒಂದು ದಾರಿ, ಅದಕ್ಕೆ ಯಾವ ಫಾರಂನಲ್ಲೂ ಕಾಲಂ ಇಲ್ಲ, ಅದಕ್ಕೇ ಎಲ್ರೂ ಓದೋ ಹಾಗೆ ಬರೀತಿದೀನಿ. ನಮ್ಮ ಥರದ ಮನೆಗಳು ಜಿಲ್ಲೇಲಿ ಇನ್ನೂ ಇರ್ತವೆ.

2020ರ ಫೆಬ್ರವರಿಯಲ್ಲಿ ಒಂದು ಬೆಳಗ್ಗೆ, ಇನ್ನೂ ಪೂರ್ತಿ ಬೆಳಕಾಗಿರ್ಲಿಲ್ಲ, ಅವ್ವ ಮನೆ ಮುಂದೆ ಸಗಣಿನೀರು ಹಾಕಿ ರಂಗೋಲಿ ಬಿಡ್ತಾ ಕೂತಿದ್ಲು. ಆಗ ಅವ್ವ ಅಪ್ಪ ಇಬ್ರೂ ನಮ್ಮೂರಲ್ಲೇ ಇದ್ರು, ಅದೊಂದು ತಾಲ್ಲೂಕು ಕೇಂದ್ರ, ಯಾವುದು ಅಂತ ಹೇಳಲ್ಲ, ಯಾಕಂದ್ರೆ ಯಾರ ಮೇಲೂ ದೂರು ಹೇಳೋಕೆ ಈ ಪತ್ರ ಬರೀತಿಲ್ಲ. ಬೈಕಲ್ಲಿ ಇಬ್ರು ಬಂದ್ರು, ಅಡ್ರೆಸ್ ಕೇಳೋ ಥರ ನಿಲ್ಸಿದ್ರು, ಅವ್ವ ತಲೆ ಎತ್ತೋ ಅಷ್ಟರಲ್ಲಿ ಹಿಂದೆ ಕೂತಿದ್ದೋನು ಸರಕ್ಕೆ ಕೈ ಹಾಕಿದ. ಅವ್ವ ಸರ ಹಿಡ್ಕೊಂಡ್ಲು, ಗಾಡಿ ಮುಂದಕ್ಕೆ ಹೋಯ್ತು, ಅವ್ವನ್ನ ಎಳ್ಕೊಂಡು ಹೋಯ್ತು. ಬಲಗೈ ಮಣಿಕಟ್ಟು ಮುರೀತು. ಕತ್ತಿನ ಸುತ್ತ ಒಂದು ಗೆರೆ ಈಗ್ಲೂ ಇದೆ.

ಆ ಸರ ಎರಡೆಳೆದು. ಆಲೂಗೆಡ್ಡೆಗೆ ಒಳ್ಳೆ ರೇಟ್ ಸಿಕ್ಕ ಒಂದು ವರ್ಷ ಅಪ್ಪ ಮಾಡಿಸಿದ್ದು, ಆಮೇಲೆ ಯಾವ ವರ್ಷಾನೂ ಅಂಥ ರೇಟ್ ಬರ್ಲಿಲ್ಲ ಅಂತ ಅಪ್ಪ ಹೇಳ್ತಿದ್ರು, ಹಾಸನದ ಕಡೆ ಆಲೂಗೆಡ್ಡೆ ಹಾಕಿದೋರಿಗೆ ಅದರ ಅರ್ಥ ಗೊತ್ತಾಗುತ್ತೆ.

ಪೊಲೀಸರು ಚೆನ್ನಾಗೇ ಕೆಲಸ ಮಾಡಿದ್ರು, ಅದನ್ನ ಹೇಳ್ಲೇಬೇಕು, ಎರಡು ತಿಂಗಳೊಳಗೆ ಹಿಡಿದ್ರು. ಸರ ಎಳೆದೋನಿಗೆ 19 ವರ್ಷ. ಗಾಡಿ ಓಡಿಸ್ತಿದ್ದೋನಿಗೆ 18 ತುಂಬಿರ್ಲಿಲ್ಲ, ಅವನ ಕೇಸು ಬಾಲ ನ್ಯಾಯ ಮಂಡಳಿಗೆ ಹೋಯ್ತು, ಅಲ್ಲಿ ಏನಾಯ್ತು ಅಂತ ನಮಗೆ ತಿಳೀಲಿಲ್ಲ. ಚಿನ್ನಾನೂ ಸಿಕ್ತು, ಆದ್ರೆ ಸರ ಸಿಗ್ಲಿಲ್ಲ. ತಗೊಂಡೋನು ಆವಾಗ್ಲೇ ಕರಗಿಸಿ ಗಟ್ಟಿ ಮಾಡಿದ್ದ. ಕೋರ್ಟಿಂದ ಅದನ್ನ ಬಿಡಿಸ್ಕೊಳ್ಳೋವಾಗ ಬಾಂಡ್ ಬರೆಸ್ಕೊಂಡ್ರು, ಕರೆದಾಗ ತಂದು ಹಾಜರುಪಡಿಸ್ಬೇಕು, ವಸ್ತುವಿನ ರೂಪ ಬದಲಾಯಿಸಬಾರದು ಅಂತ. ಅವ್ವ ಆ ಸಾಲನ್ನ ನನ್ನ ಹತ್ರ ಎರಡು ಸಲ ಓದಿಸಿದ್ಲು. ಕೇಸು ನಡೀತಿರೋವಾಗ್ಲೇ ಕೊರೊನಾ ಎರಡನೇ ಅಲೇಲಿ ಅಪ್ಪ ಹೋದ್ರು. ಆ ಗಟ್ಟೀನ ಮತ್ತೆ ಸರ ಮಾಡಿಸೋ ಪ್ರಶ್ನೇನೇ ಉಳೀಲಿಲ್ಲ. ಅದು ಈಗ ಬೀರುವಿನಲ್ಲಿ, ಬ್ಯಾಂಕ್ ಪಾಸ್‌ಬುಕ್ ಇಡೋ ಕವರಲ್ಲಿ ಇದೆ.

ಈಗ ಕೋರ್ಟಿನ ದಿನದ ವಿಷಯ. ನಿಮ್ಮ ಹತ್ರ ಮುಖ್ಯವಾಗಿ ಹೇಳ್ಬೇಕಿರೋದು ಇದನ್ನೇ. ಅವ್ವಂಗೆ ಸಮನ್ಸ್ ಬಂದಿತ್ತು, ಪ್ರಾಸಿಕ್ಯೂಷನ್ ಸಾಕ್ಷಿ 1. ಕೇಸಿನ ಹೆಸರು ಸರ್ಕಾರ ಮತ್ತು ಆರೋಪಿ, ಅವ್ವನ ಹೆಸರು ಸಾಕ್ಷಿ ಪಟ್ಟೀಲಿ. "ಬಿದ್ದೋಳು ನಾನು, ಸರ್ಕಾರ ಎಲ್ಲಿಂದ ಬಂತು ಮಗಾ" ಅಂತ ಕೇಳಿದ್ಲು. ಅಪರಾಧ ಅನ್ನೋದು ಇಡೀ ಸಮಾಜದ ವಿರುದ್ಧ ಆಗಿರೋದು, ಸರ್ಕಾರ ನಮ್ಮ ಪರವಾಗಿ ನಡೆಸುತ್ತೆ ಅಂತ ಪಾಠದಲ್ಲಿ ಹೇಳೋ ಹಾಗೆ ಹೇಳಿದೆ, ಹೇಳ್ತಾ ಹೇಳ್ತಾ ನನಗೇ ಅದು ಅವ್ವನ ಪ್ರಶ್ನೆಗೆ ಉತ್ತರ ಅಲ್ಲ ಅನ್ನಿಸ್ತು.

ವರಾಂಡದ ಬೆಂಚಲ್ಲಿ ಕಾಯ್ತಾ ಕೂತಿದ್ವಿ. ಆ ಕಡೆ ತುದೀಲಿ ಒಬ್ಬ ಹೆಂಗಸು, ಅವ್ವಂಗಿಂತ ಹತ್ತು ವರ್ಷ ಚಿಕ್ಕೋಳಿರ್ಬೇಕು, ಬಹಳ ಹೊತ್ತು ನಮ್ಮನ್ನೇ ನೋಡ್ತಿದ್ದೋಳು ಎದ್ದು ಬಂದು ಅವ್ವನ ಪಕ್ಕ ಕೂತು ಸೆರಗಿನ ಗಂಟಿಂದ ಎಲೆಅಡಿಕೆ ತೆಗೆದು ಮುಂದೆ ಹಿಡಿದ್ಲು. ಆಮೇಲೆ ಹೇಳಿದ್ಲು, "ನಾನು ಆ ಹೈದನ ತಾಯಿ ಕಣವ್ವಾ, ತಪ್ಪಾಗೈತೆ, ಹೊಟ್ಟೇಗ್ ಹಾಕ್ಕೊ. ಧರ್ಮಸ್ಥಳಕ್ಕೆ ಹೋಗಿ ತಪ್ಪುಕಾಣಿಕೆ ಹಾಕ್ ಬಂದಿವ್ನಿ." ನನಗೆ ಕೋಪ ಬಂತು. ಅವ್ವ ಮಾತ್ರ ಎಲೆಅಡಿಕೆ ತಗೊಂಡ್ಲು, ಬಾಯಿಗೆ ಹಾಕ್ಕೊಳ್ಳಲಿಲ್ಲ, ಕೈಯಲ್ಲೇ ಇಟ್ಕೊಂಡ್ಲು. "ನಿನ್ನ ಮಗ ನಾ ಬಿದ್ಮೇಲೆ ತಿರುಗ್ ನೋಡುದ್ನಂತಾ?" ಅಂತ ಕೇಳಿದ್ಲು. ಆ ತಾಯಿ ಏನೋ ಹೇಳೋಕೆ ಬಾಯಿ ತೆಗೆಯೋ ಅಷ್ಟರಲ್ಲಿ ಕೋರ್ಟ್ ಡ್ಯೂಟಿ ಪೊಲೀಸಿನೋರು ಬಂದು, ಸಾಕ್ಷಿ ಜೊತೆ ಆರೋಪಿ ಕಡೆಯೋರು ಮಾತಾಡಂಗಿಲ್ಲ, ಏಳಿ ಏಳಿ ಅಂತ ಎಬ್ಬಿಸಿ ಕಳಿಸಿದ್ರು.

ಅವರು ಮಾಡಿದ್ದು ಸರೀನೇ. ಸಾಕ್ಷೀನ ಹೆದರಿಸೋದು, ದುಡ್ಡು ಕೊಟ್ಟು ತಿರುಗಿಸೋದು ಎಲ್ಲ ಆ ವರಾಂಡದಲ್ಲೇ ನಡೆಯೋದು, ಅದಕ್ಕೇ ಆ ನಿಯಮ ಇದೆ. ಆದ್ರೆ ಈ ಇಡೀ ಕೇಸಲ್ಲಿ, ಮೂರು ಮುಕ್ಕಾಲು ವರ್ಷದಲ್ಲಿ, ಅವ್ವಂಗೆ ಬೇಕಾಗಿದ್ದ ಮಾತು ಆಡೋಕೆ ಹೊರಟಿದ್ದು ಅದೊಂದೇ ನಿಮಿಷ.

ಒಳಗೆ ಹೋದ್ಮೇಲೆ ಪಾಟೀಸವಾಲು. ಆ ತಾಯಿ ಹೊರಗೆ ತಪ್ಪಾಗೈತೆ ಅಂದಿದ್ದಳಲ್ಲ, ಒಳಗೆ ಅದೇ ಹುಡುಗನ ಪರ ವಕೀಲರು ಅವ್ವನ್ನ ಕೇಳಿದ್ದು ಬೇರೆ. ಆಮೇಲೆ ಅದರ ನಕಲು ತಗೊಂಡು ಓದಿದೀನಿ, ವಕೀಲರ ಒಂದೊಂದು ಮಾತಿಗೂ ಅವ್ವ ಕೊಟ್ಟ ಉತ್ತರ ಹೀಗೆ ಬರೆದಿದೆ. ನಾನೇ ಕಾಲು ಜಾರಿ ಬಿದ್ದೆ ಎಂದರೆ ಸರಿಯಲ್ಲ. ಮಬ್ಬುಗತ್ತಲಲ್ಲಿ ನನಗೆ ಮುಖ ಕಾಣುತ್ತಿರಲಿಲ್ಲ ಎಂದರೆ ಸರಿಯಲ್ಲ. ಪೊಲೀಸರು ಹೇಳಿಕೊಟ್ಟಂತೆ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ. ಹೀಗೆ ಒಂದೂವರೆ ಪುಟ. ವಕೀಲರು ಅವರ ಕೆಲಸ ಮಾಡಿದ್ರು, ಆ ಹುಡುಗಂಗೆ ವಕೀಲರು ಬೇಕೇ ಬೇಕಿತ್ತು. ಆದ್ರೆ ಆ ಹುಡುಗ ಅಲ್ಲೇ ನಿಂತಿದ್ದ, ತಲೆ ತಗ್ಗಿಸಿ, ಅವನಿಗೆ ನಿಜ ಹೇಳ್ಬೇಕು ಅನ್ನಿಸಿದ್ರೂ ಹೇಳೋ ಹಾಗಿರ್ಲಿಲ್ಲ, ಹೇಳಿದ್ರೆ ಕೇಸು ಸೋತ ಹಾಗೆ. ತಪ್ಪು ಒಪ್ಕೊಳ್ಳೋದಕ್ಕಿಂತ ಇಲ್ಲ ಅನ್ನೋದೇ ಲಾಭ ಆಗೋ ಹಾಗೆ ಇದೆಯಲ್ಲ ನಮ್ಮ ವ್ಯವಸ್ಥೆ, ಅದನ್ನ ನೋಡಿ ನನಗೆ ಸಂಕಟ ಆಯ್ತು.

2023ರ ಕೊನೇಲಿ ತೀರ್ಪು ಬಂತು, ಎರಡು ವರ್ಷ ಶಿಕ್ಷೆ, ಹತ್ತು ಸಾವಿರ ದಂಡ. ದಂಡ ಸರ್ಕಾರಕ್ಕೆ. ದಂಡದಲ್ಲಿ ನೊಂದೋರಿಗೆ ಪರಿಹಾರ ಕೊಡಿಸೋಕೆ ಕಾನೂನಲ್ಲಿ ಜಾಗ ಇದೆ, ಪ್ರತಿ ಕ್ರಿಮಿನಲ್ ಕೇಸಲ್ಲೂ ಕೋರ್ಟು ಪರಿಹಾರದ ವಿಷಯ ಯೋಚಿಸ್ಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಅಂಕುಶ್ ಶಿವಾಜಿ ಗಾಯಕ್ವಾಡ್ ಕೇಸಲ್ಲಿ ಹೇಳಿದೆ ಅಂತ ನನಗೆ ಗೊತ್ತಾಗಿದ್ದು ತುಂಬಾ ಆಮೇಲೆ. ನಿಮ್ಮಂಥ ಪ್ರಾಧಿಕಾರಕ್ಕೆ ಸಂತ್ರಸ್ತರ ಪರಿಹಾರಕ್ಕೆ ಅರ್ಜಿ ಹಾಕ್ಬೋದು ಅಂತಾನೂ ಆಮೇಲೇ ಗೊತ್ತಾಗಿದ್ದು. ಹೋಗ್ಲಿ, ದುಡ್ಡಿನ ಮಾತು ಬಿಡಿ, ಅದಕ್ಕಾಗಿ ಬರೀತಿಲ್ಲ.

ಅವ್ವ ಈಗ ನನ್ನ ಜೊತೆ ಹಾಸನದಲ್ಲೇ ಇದಾಳೆ. ಊರಿನ ಮನೆಗೆ ಬೀಗ. ಇಲ್ಲಿ ಗೇಟು ದಾಟಲ್ಲ. ರಂಗೋಲಿ ಪಕ್ಕದ ಮನೆ ಹುಡುಗಿ ಬಂದು ಬಿಡ್ತಾಳೆ, ಕೈ ಸರಿಯಾಗಿದೆ ಅಂತ ಡಾಕ್ಟ್ರು ಹೇಳಿ ವರ್ಷಗಳಾದ್ವು. ವರ್ಷಕ್ಕೊಂದ್ಸಲ ಆಶ್ವಯುಜ ಮಾಸದಲ್ಲಿ ಹಾಸನಾಂಬೆ ಬಾಗಿಲು ತೆಗೆದಾಗ ಎಲ್ಲೆಲ್ಲಿಂದಾನೋ ಜನ ಬಂದು ಗಂಟೆಗಟ್ಲೆ ಲೈನಲ್ಲಿ ನಿಂತ್ಕೋತಾರೆ, ಅವ್ವಾನೂ ಊರಿಂದ ಬಸ್ಸು ಹತ್ತಿ ತಪ್ಪದೆ ಬರ್ತಿದ್ಲು, ಈಗ ಊರೊಳಗೇ ಇದ್ದು ಹೋಗಲ್ಲ. ಹಿಂದಿನಿಂದ ಬೈಕ್ ಸದ್ದು ಬಂದ್ರೆ ಕೈ ತಾನಾಗೇ ಕತ್ತಿಗೆ ಹೋಗುತ್ತೆ, ಕತ್ತಲ್ಲಿ ಏನೂ ಇಲ್ಲದಿದ್ರೂ. ಅವಳು ಕೇಳೋದು ಇವತ್ತಿಗೂ ಅದನ್ನೇ. ನನ್ನನ್ನೇ ಯಾಕೆ ನೋಡ್ದ, ಮುಂಚೇನೇ ನೋಡಿಟ್ಕೊಂಡಿದ್ನಾ, ಬಿದ್ಮೇಲೆ ತಿರುಗ್ ನೋಡುದ್ನಾ. ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿರೋದು ಇಡೀ ಪ್ರಪಂಚದಲ್ಲಿ ಒಬ್ಬನಿಗೆ, ಅವನ ಜೊತೆ ಮಾತಾಡೋಕೆ ಮಾತ್ರ ದಾರಿ ಇಲ್ಲ.

ಇದನ್ನ ಹುಡುಕ್ತಾ ಓದ್ತಾ ನನಗೆ ರಿಸ್ಟೋರೇಟಿವ್ ಜಸ್ಟಿಸ್ ಅನ್ನೋದು ಸಿಕ್ತು. ಕನ್ನಡದಲ್ಲಿ ಪುನಃಸ್ಥಾಪಕ ನ್ಯಾಯ ಅಂತಾರೆ, ಬಾಯಲ್ಲಿ ಹೊರಳೋದು ಕಷ್ಟ, ಅವ್ವಂಗೆ ಹೇಳಿದಾಗ "ಸರಿ ಮಾಡೋದು ಅನ್ನು" ಅಂದ್ಲು. ಯಾವ ಕಾನೂನು ಮುರೀತು, ಯಾರು ಮುರಿದ್ರು, ಏನು ಶಿಕ್ಷೆ ಅಂತ ಕೇಳೋದರ ಜೊತೆಗೆ, ಯಾರಿಗೆ ನೋವಾಯ್ತು, ಅವರಿಗೆ ಏನು ಬೇಕು, ಅದನ್ನ ಸರಿ ಮಾಡೋ ಹೊಣೆ ಯಾರದು ಅಂತಾನೂ ಕೇಳೋದು. ನೊಂದೋರು, ನೋವು ಮಾಡಿದೋರು ಇಬ್ರೂ ಒಪ್ಪಿದ್ರೆ, ತರಬೇತಿ ಇರೋ ಒಬ್ರು ನಡುವೆ ಕೂತು ಮಾತಾಡಿಸೋದು. ಅಮೆರಿಕದ ಹೋವರ್ಡ್ ಝೆಹ್ರ್ ಅನ್ನೋರು ಇದನ್ನ ಚೆನ್ನಾಗಿ ವಿವರಿಸಿದಾರೆ. ನಾರ್ವೆಯ ನೀಲ್ಸ್ ಕ್ರಿಸ್ಟಿ ಅನ್ನೋ ಅಪರಾಧಶಾಸ್ತ್ರಜ್ಞರು 1977ರಲ್ಲೇ ಇನ್ನೊಂದು ಮಾತು ಬರೆದಿದಾರೆ, ಜಗಳ ಅನ್ನೋದು ಜಗಳದಲ್ಲಿರೋರ ಆಸ್ತಿ, ಅದನ್ನ ಸರ್ಕಾರ ಮತ್ತೆ ವಕೀಲರು ಅವರ ಕೈಯಿಂದ ತಗೊಂಡುಬಿಡ್ತಾರೆ ಅಂತ. ಅವ್ವ ಯಾವ ಪುಸ್ತಕಾನೂ ಓದದೆ "ಸರ್ಕಾರ ಎಲ್ಲಿಂದ ಬಂತು" ಅಂತ ಕೇಳಿದ್ದು ಇದನ್ನೇ ಅಲ್ವಾ.

ಇದು ಶುರುವಾದ ಕಥೆ ನಮ್ಮ ಕಥೆಗೆ ಹತ್ರ ಇದೆ. 1974ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದ ಎಲ್ಮೈರಾ ಅನ್ನೋ ಸಣ್ಣ ಊರಲ್ಲಿ ಇಬ್ರು ಹುಡುಗರು ಕುಡಿದು ಒಂದೇ ರಾತ್ರೀಲಿ 22 ಕಡೆ ಆಸ್ತಿ ಹಾಳು ಮಾಡಿದ್ರು, ಟಯರ್ ಕೊಯ್ದ್ರು, ಕಿಟಕಿ ಒಡೆದ್ರು. ಕೇಸು ಪಕ್ಕದ ಕಿಚನರ್ ಕೋರ್ಟಿಗೆ ಬಂತು. ಮಾರ್ಕ್ ಯಾಂಟ್ಜಿ ಅನ್ನೋ ಪ್ರೊಬೇಷನ್ ಆಫೀಸರ್, ಅಂದ್ರೆ ಜೈಲಿಗೆ ಹಾಕದೆ ಬಿಟ್ಟೋರ ಮೇಲೆ ನಿಗಾ ಇಡೋ ಅಧಿಕಾರಿ, ಇವರು ನಷ್ಟ ಆದೋರ ಮುಂದೆ ಹೋಗಿ ನಿಂತ್ರೆ ಒಳ್ಳೇದಲ್ವಾ ಅಂತ ಸೂಚಿಸಿದ್ರು. ಜಡ್ಜು ಗಾರ್ಡನ್ ಮೆಕಾನೆಲ್ ಅವರು ಹಾಗೇ ಆದೇಶ ಮಾಡಿದ್ರು. ಹುಡುಗರು ಬಾಗಿಲು ಬಾಗಿಲು ತಟ್ಟಿ, ನಾವೇ ಮಾಡಿದ್ದು ಅಂತ ಹೇಳಿ, ಎಷ್ಟು ನಷ್ಟ ಆಯ್ತು ಅಂತ ಕೇಳಿ ಬರ್ಕೊಂಡು, ಆಮೇಲೆ ದುಡ್ಡು ತಂದು ಕೊಟ್ರು. ಅವರಲ್ಲಿ ಒಬ್ರು, ರಸ್ ಕೆಲ್ಲಿ ಅಂತ, ಮುಂದೆ ಇದೇ ಕೆಲಸದಲ್ಲಿ ತೊಡಗಿಸ್ಕೊಂಡ್ರು. ನ್ಯೂಜಿಲೆಂಡಿನೋರು 1989ರಲ್ಲಿ ಕಾನೂನನ್ನೇ ಮಾಡಿದ್ರು, ಮಕ್ಕಳು ತಪ್ಪು ಮಾಡಿದ್ರೆ ಅವರ ಮನೆಯೋರು, ನೊಂದೋರು, ಪೊಲೀಸರು ಒಟ್ಟಿಗೆ ಕೂತು ಮುಂದೇನು ಅಂತ ತೀರ್ಮಾನ ಮಾಡೋದು, ಅಲ್ಲಿನ ಮಾವೊರಿ ಜನರ ಪದ್ಧತಿಗಳ ನೆರಳು ಅದರಲ್ಲಿದೆ. ಇಂಗ್ಲೆಂಡಲ್ಲಿ ಜೊವಾನಾ ಶಾಪ್‌ಲ್ಯಾಂಡ್ ಅನ್ನೋ ಅಪರಾಧಶಾಸ್ತ್ರಜ್ಞೆಯ ತಂಡ ಇಂಥ ಭೇಟಿಗಳನ್ನ ವರ್ಷಗಟ್ಲೆ ಅಧ್ಯಯನ ಮಾಡಿದಾಗ ಎದುರುಬದುರು ಕೂತು ಮಾತಾಡಿದ ಸಂತ್ರಸ್ತರಲ್ಲಿ ನೂರಕ್ಕೆ 85 ಜನ ತೃಪ್ತಿ ಅಂದಿದ್ರು. ನಮ್ಮ ಕೋರ್ಟುಗಳಿಂದ ಹೊರಗೆ ಬರೋ ಸಾಕ್ಷಿಗಳನ್ನ ಹಾಗೆ ಯಾರಾದ್ರೂ ನಿಲ್ಸಿ ಕೇಳಿದ್ರೆ ಏನು ಹೇಳ್ತಾರೆ ಅಂತ ನನಗೆ ಯೋಚನೆ ಬರುತ್ತೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು, ಇಲ್ಲಾಂದ್ರೆ ನಾನು ಹೇಳ್ತಿರೋದನ್ನ ಊರ ಪಂಚಾಯ್ತಿ ಅಂತ ತಿಳ್ಕೊಳ್ತಾರೆ. ಅದು ಖಂಡಿತ ಅಲ್ಲ. ಅರಳಿಕಟ್ಟೆ ಮೇಲೆ ನಾಲ್ಕು ಜನ ದೊಡ್ಡೋರು ಕೂತು, ಹೆಣ್ಣುಮಗಳಿಗೆ ಹೊಡೆದ ಗಂಡನ ಮನೆಗೇ ಅವಳನ್ನ ವಾಪಸ್ ಕಳಿಸಿದ್ದು, ದಲಿತರ ಕೇರಿಯೋರು ದೂರು ಕೊಟ್ರೆ ರಾಜಿ ಮಾಡ್ಕೊಳ್ರೋ ಊರಿನ ಮರ್ಯಾದೆ ಹೋಗುತ್ತೆ ಅಂತ ಬಾಯಿ ಮುಚ್ಚಿಸಿದ್ದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ. ಅಲ್ಲಿ ಸರಿ ಮಾಡಿದ್ದು ಊರಿನ ಮರ್ಯಾದೇನ, ನೊಂದೋರನ್ನಲ್ಲ. ಅತ್ಯಾಚಾರ ರಾಜಿ ಮಾಡೋ ವಿಷಯ ಅಲ್ಲ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಶಿಂಭು ಕೇಸಲ್ಲಿ ಸ್ಪಷ್ಟ ಮಾಡಿದೆ. 1989ರ ದೌರ್ಜನ್ಯ ತಡೆ ಕಾಯ್ದೆ ಬಂದಿದ್ದೇ ದಲಿತರ ಮೇಲಿನ ದೌರ್ಜನ್ಯ ತಡೆಯೋಕೆ ಅದುವರೆಗೆ ಇದ್ದ ಕಾನೂನು ಸಾಲ್ತಿರ್ಲಿಲ್ಲ ಅಂತ. ಒಬ್ರ ಕೈ ಮೇಲೆ, ಇನ್ನೊಬ್ರ ಕೈ ಕೆಳಗೆ ಇರೋ ಕಡೆ ಎದುರುಬದುರು ಕೂರಿಸಿದ್ರೆ ಮೇಲಿನ ಕೈಯೇ ಗೆಲ್ಲೋದು. ಅಂಥ ಕೇಸುಗಳನ್ನ ಇದರಿಂದ ದೂರ ಇಡಿ. ನಾನು ಕೇಳ್ತಿರೋದು ನಮ್ಮದರಂಥ ಕೇಸಿಗೆ, ಅದೂ ನೊಂದೋರು ತಾವಾಗೇ ಬೇಕು ಅಂದಾಗ ಮಾತ್ರ.

ಇನ್ನೊಂದು, ಕ್ಷಮೆ. ಎಲ್ರೂ ಇದನ್ನ ಕ್ಷಮಿಸೋ ಕಾರ್ಯಕ್ರಮ ಅಂದ್ಕೋತಾರೆ. ಆ ತಾಯಿ ಹೊಟ್ಟೆಗೆ ಹಾಕ್ಕೊ ಅಂದಿದ್ದಳು, ನಮ್ಮ ಭಾಷೇಲಿ ಕ್ಷಮಿಸು ಅನ್ನೋದಕ್ಕೆ ಇರೋ ಮಾತೇ ಅದು, ಅಂದ್ರೆ ಇನ್ನೊಬ್ಬರು ಮಾಡಿದ್ದನ್ನ ನೊಂದೋರೇ ನುಂಗ್ಕೊಂಡು ಹೊಟ್ಟೇಲಿ ಇಟ್ಕೊಳ್ಳೋದು. ತಪ್ಪುಕಾಣಿಕೇನೂ ಹಾಗೇ, ದೇವರಿಗೆ ಹೋಗುತ್ತೆ, ನೊಂದ ಮನುಷ್ಯರ ಹತ್ರ ಬರಲ್ಲ. ಆವತ್ತು ರಾತ್ರಿ ಅವ್ವ ಹೇಳಿದ್ಲು, "ಬಿದ್ದೋಳು ನಾನು, ಕಾಣಿಕೆ ದೇವ್ರಿಗ್ ಹಾಕವ್ಳೆ." ಅವ್ವ ಆ ಹುಡುಗನ್ನ ಕ್ಷಮಿಸ್ತಾಳೋ ಇಲ್ವೋ ನನಗೆ ಗೊತ್ತಿಲ್ಲ, ಅದನ್ನ ಯಾರೂ ಅವಳ ಹತ್ರ ಕೇಳ್ಬಾರ್ದು.

ಬಲವಂತದ ಕ್ಷಮಾಪಣೆ ಏನು ಮಾಡುತ್ತೆ ಅಂತ ನಾನೇ ಮಾಡಿ ನೋಡಿದೀನಿ. ಕೆಲವು ವರ್ಷದ ಹಿಂದೆ ಎಂಟನೇ ಕ್ಲಾಸಿನ ಒಬ್ಬ ಹುಡುಗ ಇನ್ನೊಬ್ಬಳ ಜ್ಯಾಮಿಟ್ರಿ ಬಾಕ್ಸು, ಅದರಲ್ಲಿದ್ದ ಬಸ್ ಚಾರ್ಜಿನ ದುಡ್ಡು ತಗೊಂಡಿದ್ದ. ಇಡೀ ಕ್ಲಾಸಿನ ಮುಂದೆ ನಿಲ್ಸಿ ಸಾರಿ ಹೇಳಿಸ್ದೆ. ಅವನು ಒಂದು ವಾರ ಸ್ಕೂಲಿಗೆ ಬರ್ಲಿಲ್ಲ. ಆ ಹುಡುಗಿಗೂ ಏನೂ ಸಿಗ್ಲಿಲ್ಲ, ಎಲ್ರ ಮುಂದೆ ಅವಳೂ ತಲೆ ತಗ್ಗಿಸಿದ್ಲು. ಆಮೇಲೆ ಅವರ ಮನೆಗೆ ಹೋಗಿ ಅವನ ಹತ್ರ ಮಾತಾಡಿ, ಅವಳ ಹತ್ರಾನೂ ಬೇರೆಯಾಗಿ ಮಾತಾಡಿ, ಮೂರು ದಿನ ಬಿಟ್ಟು ಇಬ್ಬರನ್ನೂ ಲೈಬ್ರರೀಲಿ ಕೂರಿಸಿದಾಗ ಅವಳು ಕೇಳಿದ್ದು ಒಂದೇ, ಅವತ್ತು ನಾನು ಬಸ್ಸಿಗೆ ದುಡ್ಡಿಲ್ದೆ ನಡ್ಕೊಂಡು ಹೋದೆ ಗೊತ್ತಾ ಅಂತ. ಅವನಿಗೆ ಅದು ಗೊತ್ತಿರ್ಲಿಲ್ಲ. ಅವನ ಮುಖ ನಾನು ಮರೆಯಲ್ಲ. ಅದಕ್ಕೇ ಹೇಳ್ತಿರೋದು, ಮೊದಲು ಬೇರೆ ಬೇರೆಯಾಗಿ ಮಾತಾಡ್ಬೇಕು, ಹೊತ್ತು ಕೊಡ್ಬೇಕು, ಯಾರೇ ಬೇಡ ಅಂದ್ರೂ ಅಲ್ಲಿಗೇ ನಿಲ್ಸ್ಬೇಕು. ಗುಂಪಿನ ಮುಂದೆ ಅಂತೂ ಬೇಡ್ವೇ ಬೇಡ.

ಕಾನೂನಲ್ಲಿ ಇದಕ್ಕೆ ಜಾಗ ಎಲ್ಲಿದೆ ಅಂತ ನೀವು ಕೇಳ್ಬೋದು, ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಆದ್ರೂ ಹೇಳ್ತೀನಿ. 2015ರ ಬಾಲ ನ್ಯಾಯ ಕಾಯ್ದೆ ತಪ್ಪು ಮಾಡಿದ ಮಕ್ಕಳನ್ನ ಸಾಧ್ಯವಾದಷ್ಟೂ ಕೋರ್ಟಿನ ದಾರಿಯಿಂದ ಹೊರಗೆ ತರೋ ಮಾತಾಡುತ್ತೆ. 1958ರಿಂದ ಪ್ರೊಬೇಷನ್ ಕಾಯ್ದೆ ಇದೆ, ಜೈಲಿಗೆ ಕಳಿಸದೆ ಒಳ್ಳೇ ನಡತೆ ಮೇಲೆ ಬಿಡೋದು, ಅದರಲ್ಲಿ ಬಿಡುಗಡೆ ಮಾಡೋವಾಗ ನೊಂದೋರಿಗೆ ಪರಿಹಾರ ಕೊಡಿಸೋಕೂ ಬರುತ್ತೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೇನ ಒಂದು ಶಿಕ್ಷೆ ಅಂತ ಸೇರಿಸಿದೆ, ಮೊದಲ ಸಲ ತಪ್ಪಿತಸ್ಥ ಅಂತ ತೀರ್ಪಾದೋನು 5,000 ರೂಪಾಯಿಗಿಂತ ಕಮ್ಮಿ ಬೆಲೆಯ ವಸ್ತು ಕದ್ದಿದ್ರೆ, ಅದನ್ನ ವಾಪಸ್ ಕೊಟ್ರೆ, ಜೈಲಿನ ಬದಲು ಸೇವೆ. ಒಳ್ಳೇ ಹೆಜ್ಜೆ. ಆದ್ರೆ ಅಲ್ಲೂ ಕಳ್ಕೊಂಡೋರು ಇಲ್ಲ ನೋಡಿ, ಅವನು ಎಲ್ಲೋ ಕಸ ಗುಡಿಸ್ತಾನೆ, ಇವರು ಮನೇಲಿ ಕೂತಿರ್ತಾರೆ. 2023ರ ಮೀಡಿಯೇಷನ್ ಕಾಯ್ದೆ, ಅಂದ್ರೆ ಮಧ್ಯಸ್ಥಿಕೆ ಕಾಯ್ದೆ, ಕ್ರಿಮಿನಲ್ ಕೇಸುಗಳನ್ನ ಹೆಚ್ಚುಕಮ್ಮಿ ಹೊರಗೇ ಇಟ್ಟಿದೆ, ರಾಜಿ ಆಗೋ ಅಪರಾಧಗಳನ್ನ ಮಾತ್ರ ಕೋರ್ಟು ಬೇಕಿದ್ರೆ ಕಳಿಸ್ಬೋದು. ನಮ್ಮ ಕೇಸಿಗೆ ಹಾಕಿದ್ದು ಹಳೇ ಐಪಿಸಿ, ಅಂದ್ರೆ ಭಾರತೀಯ ದಂಡ ಸಂಹಿತೆಯ 392ನೇ ಸೆಕ್ಷನ್, ಸುಲಿಗೆ, ಅದು ರಾಜಿ ಪಟ್ಟೀಲಿ ಇಲ್ಲ, ಇರೋದೂ ಬೇಡ.

ಅದಕ್ಕೇ ನಾನು ಕೇಳ್ತಿರೋದು ತೀರ್ಪು ಆದ್ಮೇಲಿನ ಭೇಟಿ. ಕೇಸು ಮುಗಿದಿದೆ, ಸಾಕ್ಷಿ ತಿರುಗಿಸೋಕೆ ಏನೂ ಉಳಿದಿಲ್ಲ, ಶಿಕ್ಷೆ ಕಮ್ಮಿ ಮಾಡಿ ಅಂತ ಯಾರೂ ಕೇಳ್ತಿಲ್ಲ. ವರಾಂಡದಲ್ಲಿ ಆವತ್ತು ಎಬ್ಬಿಸಿ ಕಳಿಸೋಕೆ ಇದ್ದ ಕಾರಣ ಈಗ ಇಲ್ಲ. ನಿಮ್ಮ ಹತ್ರ ಮೀಡಿಯೇಟರುಗಳಿದಾರೆ, ಹಳ್ಳಿ ಹಳ್ಳಿ ಓಡಾಡಿ ಜನರಿಗೆ ಕಾನೂನಿನ ನೆರವು ತಲುಪಿಸೋ ಸ್ವಯಂಸೇವಕರು, ಪ್ಯಾರಾ ಲೀಗಲ್ ವಾಲಂಟಿಯರುಗಳಿದಾರೆ. ಅವರಲ್ಲಿ ನಾಲ್ಕೈದು ಜನಕ್ಕೆ, ಹೆಂಗಸರೂ ಇರ್ಲಿ ಎಲ್ಲ ಜಾತಿಯೋರೂ ಇರ್ಲಿ, ಈ ಕೆಲಸದ ತರಬೇತಿ ಕೊಡಿಸಿ. ನಮ್ಮ ಜಿಲ್ಲೇಲಿ ಪ್ರಯೋಗ ಅಂತ ಶುರು ಮಾಡಿ, ಕಳ್ಳತನ, ಸರಗಳ್ಳತನ, ಆಕ್ಸಿಡೆಂಟಿನಂಥ ಕೇಸುಗಳಲ್ಲಿ ತೀರ್ಪಾದ ಮೇಲೆ ನೊಂದೋರ ಮನೆಗೆ ಒಬ್ರು ಹೋಗಿ, ನಿಮಗೆ ಏನಾದ್ರೂ ಕೇಳೋದಿದೆಯಾ ಅಂತ ಕೇಳ್ಲಿ. ಸುಮ್ನೆ ಅಷ್ಟು ಕೇಳ್ಲಿ ಮೊದಲು. ನಮ್ಮನ್ನ ಅದನ್ನ ಇವತ್ತಿನ ತನಕ ಯಾರೂ ಕೇಳಿಲ್ಲ.

ನೀವೇ ಹೋಗಿ ಮಾತಾಡಿ ಅಂತ ಯಾರಾದ್ರೂ ಅನ್ಬೋದು. ಆ ಹುಡುಗನ ಊರು ನಮಗೆ ಗೊತ್ತು, ಶಿಕ್ಷೆ ಮುಗಿಸಿ ಬಂದಿದಾನೆ ಅಂತಾನೂ ಗೊತ್ತು. ನಮ್ಮಣ್ಣ ಕಾರು ತಗೊಂಡು ಹೋಗೋಣ ಅಂದ. ಅವ್ವಾನೇ ಬೇಡ ಅಂದ್ಲು. "ನಾವು ಕಾರಲ್ಲಿ ಹೋಗಿ ಅವ್ರ ಮನೆ ಮುಂದೆ ಇಳುದ್ರೆ ಊರೋರೆಲ್ಲ ಸೇರ್ತಾರೆ, ಆ ಹೈದ ಮತ್ತೆ ತಲೆ ಎತ್ತಂಗಿಲ್ಲ. ಅವನಿಗೆ ಮನಸ್ಸಿದ್ರೆ ಬರ್ಲಿ. ಯಾರಾದ್ರೂ ಮಧ್ಯ ಇರ್ಲಿ." ನಿಮ್ಮಿಂದ ಬೇಕಾಗಿರೋದು ಆ ಮಧ್ಯ ಇರೋ ಒಬ್ರು. ಅವನು ಬರಲ್ಲ ಅಂದ್ರೆ ಅದನ್ನಾದ್ರೂ ಒಬ್ರು ಬಂದು ಅವ್ವಂಗೆ ಹೇಳ್ಲಿ, ಕೇಳಿದ್ವಿ, ಬರಲ್ಲ ಅಂದ ಅಂತ.

ಅವ್ವಂಗೆ ಈಗ 71. ಈ ಪತ್ರ ಬರೀತಿರೋದು ಅವಳಿಗೆ ಗೊತ್ತು, ಪೂರ್ತಿ ಓದಿ ಹೇಳಿದೀನಿ, ಸರ ಎಳೆದಿದ್ದು ಎಷ್ಟು ಹೊತ್ತಿಗೆ ಅನ್ನೋದನ್ನ ಒಂದು ಕಡೆ ತಿದ್ದಿಸಿದ್ಲು. ಆ ಹುಡುಗನ್ನ ಕೇಳೋ ಪ್ರಶ್ನೆಗಳನ್ನ ಬೇರೆ ಹಾಳೇಲಿ ಬರೆಸಿ ಇಟ್ಕೊಂಡಿದಾಳೆ. ಮೂರಿತ್ತು, ಮೊನ್ನೆ ನಾಲ್ಕನೇದು ಸೇರಿಸಿದ್ಲು: ನಿಮ್ಮವ್ವ ಹೆಂಗವ್ಳೆ.

ಇಂತಿ,
ಒಬ್ಬ ಟೀಚರ್, ಹಾಸನ